ಜಗಳಕ್ಕೆ ಕಾದವಳು

"ಹೊಳೆದಂಡೆಯ ಆಶ್ರಮಕ್ಕೆ ಹೀಗೇ ಹೋಗಬೇಕಾ?"

ಕುರಿ ಮೇಯಿಸುತ್ತಿದ್ದ ಮುದುಕ ತಾರಿಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹಿಂಗ ಹೋದ್ರ ಸುಡಗಾಡು ಸಿಗತೈತ್ರಿ. ಅದಕ್ಕ ನಿಮಗಿನ್ನೂ ಟೈಮ್ ಐತಿ. ಬರ್ರಿ."

ಕುರಿಗಳನ್ನು ಅಲ್ಲೇ ಬಿಟ್ಟು, ಅವಳ ಚೀಲವನ್ನು ಕಸಿದುಕೊಂಡು ಮುಂದೆ ನಡೆದ. ತಾನೇ ಹೊರುತ್ತೇನೆಂದರೆ ಕೇಳಲಿಲ್ಲ. "ಛೇ ಛೇ, ನೀವು ಪರಸ್ಥಳದವರು."

ತಾರಿಣಿಗೆ ಆ ಮಾತು ಹೊಸದಲ್ಲ. ಅವಳು ಬರೆದ ಮೊದಲ ಕಾದಂಬರಿಗೇ ಅವಳ ನಾಡಿನ ಸರಕಾರ ಅವಳನ್ನು ಗಡೀಪಾರು ಮಾಡಿತ್ತು. ಆಮೇಲೆ ದೇಶ ದೇಶ ತಿರುಗಿದಳು. ಹೋದ ಕಡೆಯೆಲ್ಲ ಹಾರ ಹಾಕಿದರು, ಗಾಳಿ ಬೆಳಕಿನ ಕೋಣೆ ಕೊಟ್ಟರು, ಸಾರಿಗೆ ಖಾರ ಕಮ್ಮಿ ಹಾಕಿದರು.

ಈಗ ಗಡೀಪಾರಾದವನೊಬ್ಬನ ಮೇಲೆ ದೊಡ್ಡ ಕಾದಂಬರಿ ಬರೆಯುತ್ತಿದ್ದಳು. ಪುಟ ಸೇರುತ್ತಿತ್ತು, ಜೀವ ಸೇರುತ್ತಿರಲಿಲ್ಲ. ಆಶ್ರಮದ ಗುರು ಕೇದಾರಯ್ಯನವರೂ ಒಂದು ಕಾಲಕ್ಕೆ ಗಡೀಪಾರಾಗಿ ಬಂದವರೇ. ಅವರೂ ಇದು ಸತ್ತಿದೆ ಅಂದರೆ ಹಾಳೆಗಳ ಕಟ್ಟನ್ನು ಹೊಳೆಗೆ ಹಾಕಿಬಿಡುವುದು ಎಂದು ನಿಶ್ಚಯಿಸಿಕೊಂಡೇ ಬಂದಿದ್ದಳು.

ಕೇದಾರಯ್ಯ ಕಂಬಕ್ಕೊರಗಿ ಇಡೀ ಕಟ್ಟು ಓದಿ ಮುಗಿಸಿದರು.

"ನಿನ್ನ ನಾಯಕ ಚೆನ್ನಾಗಿ ಅಳ್ತಾನೆ," ಅಂದರು. "ಜಗಳ ಯಾರ ಜೊತೆ ಆಡ್ತಾನೆ?"

"ಜಗಳವೇ? ಊರು ಕಳೆದುಕೊಂಡವನು, ಗುರುಗಳೇ. ದುಃಖದಲ್ಲಿದ್ದಾನೆ."

"ನಾನೂರು ಪುಟ?"

ತಾರಿಣಿಗೆ ಸಿಟ್ಟು ಬಂತು. "ಬದುಕಿದೆಯೋ ಸತ್ತಿದೆಯೋ, ಅಷ್ಟು ಹೇಳಿ ಸಾಕು."

"ಊರಲ್ಲಿ ಒಂದು ಕೋಣೆ ಖಾಲಿ ಇದೆ. ಹೋಗಿ ಇರು. ಯಾರಾದರೂ ನಿನ್ನ ಜೊತೆ ಜಗಳಕ್ಕೆ ಬಂದ ದಿನ ಬಾ. ಹೇಳ್ತೇನೆ."

ಜಗಳ ತಾನೇ, ವಾರದೊಳಗೆ ಆದೀತು ಅಂದುಕೊಂಡಳು.

ಆಗಲಿಲ್ಲ. ಬೇಕಂತಲೇ ಬಾವಿಯ ಹತ್ತಿರ ಸರದಿ ಮುರಿದಳು. "ಪಾಪ, ಪರಸ್ಥಳದವರು, ಗೊತ್ತಾಗಿಲ್ಲ," ಎಂದು ಹೆಂಗಸರು ಅವಳ ಕೊಡವನ್ನೇ ಮೊದಲು ತುಂಬಿಸಿದರು. ಗೌಡರ ಹೋರಿಯ ಕಾಲು ಸೊಟ್ಟ ಅಂದಳು. ಗೌಡರು ನಕ್ಕು ಚಹಾ ಕುಡಿಸಿ ಕಳಿಸಿದರು.

ಹಿಟ್ಟು ತೀರಿದಾಗ ಪಕ್ಕದ ಮನೆಯ ಸಂಕವ್ವ ತಾನೇ ಬಟ್ಟಲು ತುಂಬ ಜೋಳದ ಹಿಟ್ಟು ತಂದಳು. ವಾಪಸು ಕೊಡುತ್ತೇನೆಂದರೆ, "ಇರಲಿ ಬಿಡ್ರೀ, ನಿಮ್ಮ ಕಡಿಂದ ತಿರುಗಿ ಇಸಗೋತೀವೇನ್ರಿ!" ಅಂದಳು. ತಾರಿಣಿಗೆ ಅದೇ ಅಭ್ಯಾಸವಾಯಿತು. ಬೇಕಾದಾಗ ಹೋಗಿ ಬಟ್ಟಲು ಒಡ್ಡುವಳು. ಹೊಸ ಪುಟ ಮಾತ್ರ ಒಂದೂ ಹುಟ್ಟಲಿಲ್ಲ.

ಮಳೆ ಮುಗಿದು ಚಳಿ ಬಿತ್ತು. ಒಂದು ಬೆಳಿಗ್ಗೆ ಎಂದಿನಂತೆ ಹೋದರೆ ಸಂಕವ್ವ ಹೊಸ್ತಿಲಿಗೆ ಅಡ್ಡ ನಿಂತು ಸೊಂಟದ ಮೇಲೆ ಕೈಯಿಟ್ಟಳು.

"ಏನವ್ವಾ, ಇದೇನು ನಿಮ್ಮಪ್ಪನ ಮನೀ ಕಣಜ ಅಂತ ತಿಳಿದೀಯೇನ? ಮೊನ್ನೆ ಒಯ್ದಿ, ಅದರ ಹಿಂದಿನ ವಾರನೂ ಒಯ್ದಿ. ಒಂದರ ಬಟ್ಟಲಾ ತಿರುಗಿ ಬಂತಾ? ಉಣ್ಣಾಕ ಬಾಯಿ ಐತಿ, ಬೀಸಾಕ ಕೈ ಇಲ್ಲೇನ ನಿನಗ?"

ತಾರಿಣಿಯ ಕಿವಿ ಕೆಂಪಾದವು. "ನೀವೇ ಇರಲಿ ಬಿಡ್ರೀ ಅಂದಿದ್ದಿರಿ..."

"ಅಂದಿದ್ದೆ. ಇವತ್ತಿಲ್ಲಾ ನಾಳೆ ಹೋಗಾಕಿ ಅಂತ ತಿಳಿದಿದ್ದೆ. ನೀ ಹೋಗಾಕಿ ಹಂಗ ಕಾಣವಲ್ಲಿ!"

ತಾರಿಣಿ ಬಟ್ಟಲನ್ನು ಕಟ್ಟೆಯ ಮೇಲೆ ಬಿಟ್ಟು ಹೊಳೆಯ ಕಡೆ ಓಡಿದಳು.

"ಆಯ್ತು, ಗುರುಗಳೇ! ಜಗಳ ಆಯ್ತು!"

"ಯಾರು ಗೆದ್ದರು?"

"ನಾನೆಲ್ಲಿ ಗೆಲ್ಲಲಿ? ತಪ್ಪು ನನ್ನದೇ. ಹಿಟ್ಟು ವಾಪಸು ಕೊಡಬೇಕು."

"ಮತ್ತೆ ಇಲ್ಲಿಗ್ಯಾಕೆ ಬಂದೆ?"

ಹಿಂತಿರುಗಿದಳು. ಸಂತೆಯಿಂದ ಜೋಳ ತಂದಳು. ಬೀಸುವ ಕಲ್ಲು ಇದ್ದದ್ದು ಸಂಕವ್ವನ ಪಡಸಾಲೆಯಲ್ಲೇ. ಅಲ್ಲೇ ಕೂತು ದಿನಾ ಒಂದಿಷ್ಟು ಬೀಸಿದಳು. ಅಂಗೈಯಲ್ಲಿ ಬೊಬ್ಬೆ ಎದ್ದವು.

"ಕಲ್ಲು ಅಂತ ತಿಳೀಬ್ಯಾಡ," ಸಂಕವ್ವ ಒಲೆಯ ಮುಂದಿನಿಂದ ಕೂಗಿದಳು. "ಅತ್ತೀ ತಲಿ ಅಂತ ತಿಳಿದು ತಿರುವು!"

ಬೊಬ್ಬೆಗೆ ಎಣ್ಣೆ ಹಚ್ಚಿಕೊಂಡು ತಾರಿಣಿ ಬರೆಯಲು ಕೂತಳು. ಅವಳ ನಾಯಕನಿಗೆ ಯಾರೋ ಬೇಲಿಯಾಚೆಯಿಂದ ಬೈದರು. ಅವನು ಅಳುವುದನ್ನು ಬಿಟ್ಟು ತಿರುಗಿ ನೋಡಿದ. ಅಲ್ಲಿಂದ ಕಾದಂಬರಿ ಅವಳ ಕೈಗೆ ಸಿಗದ ಹಾಗೆ ಓಡಿತು.

ಕೊನೆಯ ಪುಟ ಮುಗಿದ ದಿನವೇ ಕೊನೆಯ ಬಟ್ಟಲಿನ ಹಿಟ್ಟನ್ನೂ ಗೋಪುರ ಮಾಡಿ ಒಯ್ದಳು. ಸಂಕವ್ವ ಬೆರಳಲ್ಲಿ ಉಜ್ಜಿ ನೋಡಿ, "ತರಿ ತರಿ ಆಗೈತಿ. ಇರಲಿ, ನುಚ್ಚಿಗೆ ಬರತೈತಿ," ಎಂದು ಗಡಿಗೆಗೆ ಸುರಿದುಕೊಂಡಳು.

ತಾರಿಣಿ ಹಾಳೆಗಳನ್ನು ಹಿಡಿದು ಆಶ್ರಮಕ್ಕೆ ನಡೆದಳು. ಓದುತ್ತ ಓದುತ್ತ ಒಂದು ಕಡೆ ಕೇದಾರಯ್ಯ ಬಿದ್ದು ಬಿದ್ದು ನಕ್ಕರು. ಆ ಪುಟವನ್ನು ಇನ್ನೊಮ್ಮೆ ಓದಿದರು. ಈ ಸಲ ನಗಲಿಲ್ಲ, ಕಣ್ಣು ಒರೆಸಿಕೊಂಡರು.

"ಬದುಕಿದೆ," ಅಂದರು. "ಹಿಟ್ಟು ಕೊಟ್ಟೆಯಾ?"

"ಕೊಟ್ಟೇ ಬಂದೆ. ಈ ಊರಲ್ಲಿ ಇನ್ನು ನಾನು ಯಾರಿಗೂ ಏನೂ ಕೊಡೋದು ಬಾಕಿ ಇಲ್ಲ."

ಕೇದಾರಯ್ಯ ಕಟ್ಟನ್ನು ದಾರದಿಂದ ಬಿಗಿದು ಅವಳ ಮಡಿಲಲ್ಲಿಟ್ಟರು.

"ಹಾಗಾದರೆ ಹೊತ್ತು ಮುಳುಗೋದರೊಳಗೆ ಹೋಗಿ, ಬೇರೆ ಏನಾದರೂ ಕಡ ಇಸಕೊಂಡು ಬಾ."