ಗಾಣಿಗನ ಪಾಲುದಾರ

ಊರಿಗೆ ಹೋಗಿ ಗೆಳೆಯರೊಡನೆ ಕೈಗಾರಿಕೆ ಹೂಡಬೇಕೆಂದಿದ್ದ ರೇವಣಸಿದ್ಧ ಗುರುಗಳಿಗೆ ನಮಸ್ಕರಿಸಿ ಕೇಳಿದ: “ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗೆ ಯಾರು ಯಾರು ಸೇರಬಹುದು, ಗುರುಗಳೇ?”

ಗುರುಗಳು ಹೇಳಿದರು:

ಮನುಷ್ಯ ಸೇರಬಹುದು, ಕಂಪನಿಯೂ ಸೇರಬಹುದು. ದಿವಾಳಿಯಿಂದ ಬಿಡುಗಡೆಯಾಗದವನು ಸೇರುವಂತಿಲ್ಲ. ಚಿತ್ತ ಸ್ವಸ್ಥವಿಲ್ಲವೆಂದು ನ್ಯಾಯಾಲಯ ಹೇಳಿದವನೂ ಸೇರುವಂತಿಲ್ಲ.

ಒಬ್ಬ ಗಾಣಿಗನಿದ್ದ. ಒಬ್ಬ ವರ್ತಕನ ಜೊತೆ ಇಂಥದೇ ಪಾಲುದಾರಿಕೆ ಮಾಡಿಕೊಂಡು ಎಣ್ಣೆಯ ಗಿರಣಿ ಕಟ್ಟಿದ. ಗಿರಣಿ ಚೆನ್ನಾಗಿ ನಡೆಯಿತು. ಅಷ್ಟರಲ್ಲಿ ಅವನ ಹೆಂಡತಿ ಜ್ವರ ಬಂದು ತೀರಿಕೊಂಡಳು. ಗಾಣಿಗನ ಮನಸ್ಸು ಕದಡಿತು. ಹಿಂಡಿದ ಎಣ್ಣೆಯನ್ನು ಕೊಡಗಟ್ಟಲೆ ಬೀದಿಗೆ ಸುರಿಯತೊಡಗಿದ. ಬೇರೆ ದಾರಿ ಕಾಣದೆ ಅವನ ಅಣ್ಣ ನ್ಯಾಯಾಲಯಕ್ಕೆ ಹೋದ. ಚಿತ್ತ ಸ್ವಸ್ಥವಿಲ್ಲವೆಂದು ತೀರ್ಪಾಯಿತು. ಅಂದೇ ಗಾಣಿಗ ಪಾಲುದಾರನಲ್ಲದವನಾದ.

ಪಾಲುದಾರಿಕೆಗೆ ಇಬ್ಬರಾದರೂ ಬೇಕು. ವರ್ತಕ ಅಳುತ್ತಲೇ ಒಂದು ಕಂಪನಿಯನ್ನು ಸೇರಿಸಿಕೊಂಡ.

ವರ್ಷಗಳು ಕಳೆದು ಗಾಣಿಗ ವಾಸಿಯಾದ. ನ್ಯಾಯಾಲಯವೂ ತನ್ನ ತೀರ್ಪನ್ನು ಹಿಂತೆಗೆದುಕೊಂಡಿತು. ಮತ್ತೆ ಪಾಲುದಾರನಾಗಬೇಕೆಂದು ಅವನು ಮಡಿ ಬಟ್ಟೆ ಉಟ್ಟು ಗಿರಣಿಗೆ ಬಂದ. ವರ್ತಕ ಅವನನ್ನು ಅಪ್ಪಿಕೊಂಡು, “ತಮ್ಮಾ, ನನ್ನ ಒಪ್ಪಿಗೆ ಇದೆ. ಆದರೆ ಕಂಪನಿಯೂ ಒಪ್ಪಬೇಕಲ್ಲ” ಅಂದ.

ಗಾಣಿಗ ಪಟ್ಟಣಕ್ಕೆ ಹೋಗಿ ಕಂಪನಿಯ ಅಧಿಕಾರಿಗೆ ಕೈಮುಗಿದ. “ಸ್ವಾಮಿ, ಅದು ನಾನು ಕಟ್ಟಿದ ಗಿರಣಿ. ದೊಡ್ಡ ಮನಸ್ಸು ಮಾಡಿ.”

“ಅಯ್ಯಾ, ನಾನು ಬರೀ ಸಂಬಳದವನು. ಒಪ್ಪಬೇಕಾದದ್ದು ಕಂಪನಿ. ಅದು ಬೇಡವೆಂದಿದೆ.”

“ಹಾಗಾದರೆ ಕಂಪನಿಯ ಕಾಲನ್ನೇ ಹಿಡಿಯುತ್ತೇನೆ. ಎಲ್ಲಿದ್ದಾರೆ ಅವರು?”

ಅಧಿಕಾರಿ ಅವನ ಮುಖ ನೋಡಲಾರದೆ ತಲೆ ತಗ್ಗಿಸಿದ.

ಮರುದಿನದಿಂದ ಗಾಣಿಗ ಗಿರಣಿಯ ಎದುರಿನ ಕಟ್ಟೆಯ ಮೇಲೆ ಬಂದು ಕೂರತೊಡಗಿದ. ಗಾಳಿಯಲ್ಲಿ ಎಣ್ಣೆಯ ವಾಸನೆ ಬಂದರೆ, ಎಳ್ಳು ಸರಿಯಾಗಿ ಒಣಗಿಲ್ಲವೆಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ದಾರಿಹೋಕರು, “ಪಾಪ, ಇನ್ನೂ ವಾಸಿಯಾಗಿಲ್ಲ” ಎಂದು ಮರುಗಿ ಮುಂದೆ ಹೋಗುತ್ತಿದ್ದರು. ಕೆಲವು ಕಾಲದ ಮೇಲೆ ಅವರ ಮಾತು ನಿಜವೇ ಆಯಿತು.

ರೇವಣಸಿದ್ಧ ಕೇಳಿದ: “ಕಾನೂನಿನ ಪ್ರಕಾರ ಎಲ್ಲವೂ ಸರಿಯಾಗಿಯೇ ನಡೆಯಿತಲ್ಲ, ಗುರುಗಳೇ?”

ಗುರುಗಳು ಹೇಳಿದರು: “ತಲೆ ಕೆಟ್ಟವನನ್ನು ಹೊರಗಿಡಲು ಕಾನೂನಿದೆ ಮಗು, ಎದೆಯೇ ಇಲ್ಲದ್ದನ್ನು ಹೊರಗಿಡಲು ಯಾವ ಕಾನೂನಿದೆ?”