ಹಲಿರಾಮನ ಕೆಮ್ಮು

ಹಲಿರಾಮ ಭರಾಲಿ ಅಸ್ಸಾಮಿನ ಹಾಡುಗಾರ. ಬ್ರಹ್ಮಪುತ್ರಾ ನದಿಯ ದಂಡೆಯಲ್ಲಿ ಅವನ ಹಾಡು ಬಾರದ ಮನೆ ಇರಲಿಲ್ಲ.

ಬದುಕಿದ್ದಾಗ ಅವನನ್ನು ಠಾಣೆಯಲ್ಲಿ ಕೂರಿಸಿದವರೇ ಸತ್ತ ಮೇಲೆ ಅವನ ಹೆಸರಿನಲ್ಲಿ ಸಭೆ ಮಾಡಲು ಹೊರಟರು.

ಅವನ ಪಕ್ಕದಲ್ಲಿ ಕೂತು ಜೀವಮಾನವಿಡೀ ದನಿಗೂಡಿಸಿದವಳು ಗುಣೇಶ್ವರಿ. ಈಗ ದಂಡೆಯ ಮೇಲೆ ಬಿದಿರಿನ ಚಪ್ಪರ ಹಾಕಿಕೊಂಡು ಹಾಡು ಕಲಿಸುತ್ತಿದ್ದಳು. ಶಿಷ್ಯರು ಅವಳನ್ನು ಬೈದೇವ್ ಎನ್ನುತ್ತಿದ್ದರು. ಆ ಕಡೆ ಅಕ್ಕನಿಗೂ ಅದೇ ಮಾತು, ಕಲಿಸುವವಳಿಗೂ ಅದೇ.

ಒಂದು ಬೆಳಿಗ್ಗೆ ಶಿಷ್ಯ ಹೇಮೇನ್ ಬಂದು ಅವಳ ಕಾಲಿಗೆ ಬಿದ್ದ.

“ಬೈದೇವ್, ಭರಾಲಿಯವರ ವರ್ಷದ ಸಭೆಯಲ್ಲಿ ನಾನೇ ಹಾಡುವುದು. ಮಂತ್ರಿಗಳು ಬರುತ್ತಾರೆ. ಮೆಚ್ಚಿದರೆ ಭರಾಲಿಯವರ ಹೆಸರಿನ ಹೊಸ ಸಂಗೀತ ಶಾಲೆಗೆ ನನ್ನನ್ನೇ ಮೇಷ್ಟ್ರು ಮಾಡುತ್ತಾರಂತೆ.”

“ಯಾವ ಹಾಡು?”

“ನದಿಯ ಹಾಡು. ಬೇರೆ ಹಾಡಿದರೆ ಜನ ಬಿಡುತ್ತಾರೆಯೇ?”

“ಹಾಡು, ಕೇಳೋಣ.”

ಹೇಮೇನ್ ದೋತಾರದ ತಂತಿ ಮೀಟಿ ಶುರು ಮಾಡಿದ. ಎಡಭುಜ ಇಳಿಸಿ, ಕಣ್ಣು ಅರೆ ಮುಚ್ಚಿ ಹಾಡಿದ. ಮೂರನೆಯ ಸಾಲು ಮುಗಿದ ಕೂಡಲೇ ಕೆಮ್ಮಿದ.

“ನೆಗಡಿಯೇ?”

“ಇಲ್ಲ ಬೈದೇವ್. ಭರಾಲಿಯವರು ಅಲ್ಲಿ ಕೆಮ್ಮುತ್ತಿದ್ದರು. ಎಲ್ಲ ರೆಕಾರ್ಡಿಂಗಿನಲ್ಲೂ ಇದೆ.”

“ಅವನು ಬೀಡಿ ಸೇದುತ್ತಿದ್ದ.”

“ನನಗೆ ಬೀಡಿ ಆಗುವುದಿಲ್ಲ. ಕೆಮ್ಮನ್ನು ಬೇರೆಯಾಗಿ ಅಭ್ಯಾಸ ಮಾಡಿದೆ.”

ಗುಣೇಶ್ವರಿ ಹಣೆ ಒತ್ತಿಕೊಂಡಳು.

“ಭುಜ ಯಾಕೆ ಹಾಗೆ ಜೋತುಬಿದ್ದಿದೆ?”

“ಅದು ಅವರ ಭಂಗಿ.”

“ಭಂಗಿಯಲ್ಲ ಪುಣ್ಯಾತ್ಮ! ದೋಣಿಯಿಂದ ಬಿದ್ದು ಮುರಿದುಕೊಂಡಿದ್ದ. ನಾಟಿವೈದ್ಯ ಸೊಟ್ಟಗೆ ಕೂಡಿಸಿ ಕಳಿಸಿದ. ಮುಂದೆ ಹಾಡು.”

ಹೇಮೇನ್ ಹಾಡಿದ. ದನಿ ಚೆನ್ನಾಗಿತ್ತು. ಅದರಲ್ಲಿ ಅವಳಿಗೆ ತಕರಾರಿರಲಿಲ್ಲ. ಆದರೆ ಹಾಡು ನಿಂತ ಮೇಲೂ ಅವಳು ಕಾಯುತ್ತಾ ಕೂತಳು.

“ಮುಗಿಯಿತು ಬೈದೇವ್.”

“ಒಡ್ಡಿನ ಚರಣ ಎಲ್ಲಿ?”

ಪ್ರವಾಹ ತಡೆಯಲು ನದಿಯುದ್ದಕ್ಕೂ ಹಾಕಿದ ಮಣ್ಣಿನ ಒಡ್ಡು ಅದು. ಬೇಸಿಗೆಯಲ್ಲಿ ಕಟ್ಟುವುದು, ಮಳೆಗಾಲದಲ್ಲಿ ಒಡೆಯುವುದು. ದುಡ್ಡು ತಿಂದವರು ಒಬ್ಬರು, ನೀರು ಕುಡಿದವರು ಇನ್ನೊಬ್ಬರು. ಹಲಿರಾಮ ಆ ಚರಣದಲ್ಲಿ ಒಂದು ಪ್ರಶ್ನೆ ಕೇಳಿದ್ದ: ನಮ್ಮ ಒಡ್ಡಿನ ಮಣ್ಣು ಯಾರ ಮನೆಯ ಗೋಡೆಯಾಯಿತು, ಹೇಳು ನದಿಯೇ?

ಅವನನ್ನು ಠಾಣೆಗೆ ಒಯ್ದದ್ದು ಅದಕ್ಕೇ.

ಹೇಮೇನ್ ತಂತಿಗಳನ್ನು ಸುಮ್ಮನೆ ಸವರುತ್ತಾ ಹೇಳಿದ: “ಸಭೆಯವರು ಅದೊಂದು ಬೇಡ ಎಂದರು. ಒಂದೇ ಚರಣ ಬೈದೇವ್. ಉಳಿದದ್ದೆಲ್ಲ ಇದೆ.”

“ಒಡ್ಡು ಒಡೆದದ್ದೂ ಒಂದೇ ಕಡೆ. ಉಳಿದದ್ದೆಲ್ಲ ಗಟ್ಟಿಯಾಗೇ ಇತ್ತು.”

“ಸಿಟ್ಟಾಗಬೇಡಿ.”

“ಇನ್ನೇನು ಮಾಡಲಿ? ಅವನ ಕೆಮ್ಮು ಉಳಿಸಿದೆ. ಮುರಿದ ಭುಜ ಉಳಿಸಿದೆ. ಅವನು ಕೇಳಿದ್ದೊಂದನ್ನು ಬಿಟ್ಟೆ.”

“ಶಾಲೆ ಸಿಕ್ಕರೆ ಎಷ್ಟೋ ಮಕ್ಕಳಿಗೆ ಅವರ ಹಾಡು ಕಲಿಸಬಹುದು.”

“ಕೆಮ್ಮು ಸಮೇತವೋ?”

ಹೇಮೇನ್ ದೋತಾರ ಕೆಳಗಿಟ್ಟ.

“ನಿನ್ನ ತಾಯಿ ಈಗ ಎಲ್ಲಿದ್ದಾಳೆ?”

“ಒಡ್ಡಿನ ಮೇಲೆ. ಟಾರ್ಪಾಲು ಕಟ್ಟಿಕೊಂಡಿದ್ದಾಳೆ. ಹೋದ ಪ್ರವಾಹದಲ್ಲಿ ಮನೆ ಹೋಯಿತಲ್ಲ.”

“ಹೋಗಿ ಅವಳನ್ನು ಕೇಳು. ಆ ಚರಣ ಬಿಡು ಎಂದು ಅವಳು ಹೇಳಲಿ, ನಾನೇ ಬಂದು ನಿನ್ನ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಚಪ್ಪಾಳೆಯನ್ನೂ ತಟ್ಟುತ್ತೇನೆ.”

ಮಾರನೆಯ ದಿನ ಹೇಮೇನ್ ಮತ್ತೆ ಬಂದ. ಈ ಸಲ ಕಾಲಿಗೆ ಬೀಳಲಿಲ್ಲ.

“ಬಿಡು ಅಂದಳು.”

ಗುಣೇಶ್ವರಿ ತಲೆ ಎತ್ತಿದಳು. “ಸರಿಯಾಗಿ ಹೇಳು.”

“‘ಬಿಟ್ಟುಬಿಡು ಮಗಾ. ನಮ್ಮದು ಹೇಗೋ ನಡೆಯುತ್ತದೆ, ನಿನಗೊಂದು ನೆಲೆಯಾಗಲಿ’ ಅಂದಳು. ಟಾರ್ಪಾಲಿನ ಹಗ್ಗ ಬಿಗಿಯುತ್ತಿದ್ದಳು. ನನ್ನ ಕಡೆ ತಿರುಗಲೇ ಇಲ್ಲ.”

ಗುಣೇಶ್ವರಿ ನದಿಯ ಕಡೆ ನೋಡಿದಳು.

“ಸುಡುಗಾಡು!” ಎಂದಳು. ಯಾರನ್ನು ಎಂದು ಹೇಳಲಿಲ್ಲ. “ಮಾತು ಕೊಟ್ಟಿದ್ದೇನೆ. ಬರುತ್ತೇನೆ, ಹೋಗು.”

ಸಭೆಯ ದಿನ ವೇದಿಕೆಯ ಮೇಲೆ ಹಲಿರಾಮನ ಫೋಟೋ ಇಟ್ಟಿದ್ದರು. ಅವನು ಬಾಳಿದ ಗುಡಿಸಲಿನ ಗೋಡೆಗಿಂತ ದೊಡ್ಡ ಫೋಟೋ. ಬದುಕಿದ್ದಾಗ ಅವನಿಗೆ ಮೈಕು ಕೊಡದವರು ಅದಕ್ಕೆ ಮಾಲೆ ಹಾಕಿದರು.

ಗುಣೇಶ್ವರಿಯ ಕೊರಳಿಗೂ ಯಾರೋ ಸನ್ಮಾನದ ಕೆಂಪು ಅಂಚಿನ ವಸ್ತ್ರ ಹಾಕಿ ಮಂತ್ರಿಗಳ ಪಕ್ಕದಲ್ಲಿ ಕೂರಿಸಿದರು.

ಮಂತ್ರಿಗಳು ಅವಳ ಕಡೆ ಬಾಗಿದರು. “ಆ ಹಾಡಿನಲ್ಲಿ ಭರಾಲಿಯವರು ಒಮ್ಮೆ ಕೆಮ್ಮುತ್ತಾರಲ್ಲ ತಾಯಿ, ಅದು ನನಗೆ ಬಹಳ ಇಷ್ಟ.”

“ನಿಮ್ಮವರು ಜೀಪಿಗೆ ಹತ್ತಿಸಿದಾಗಲೂ ಕೆಮ್ಮುತ್ತಿದ್ದ,” ಎಂದಳು.

ಮಂತ್ರಿಗಳು ನಕ್ಕರು. ಕೇಳಿಸದೆ ನಕ್ಕರೋ, ಕೇಳಿಸಿಯೂ ನಕ್ಕರೋ.

ಅಷ್ಟರಲ್ಲಿ ಪರದೆಯ ಸಂದಿಯಿಂದ ಹೇಮೇನ್ ಕೈ ಬೀಸಿ ಕರೆದ. ಗುಣೇಶ್ವರಿ ಗೊಣಗುತ್ತಾ ಎದ್ದು ಹಿಂದಕ್ಕೆ ಹೋದಳು.

ಅವನು ದೋತಾರವನ್ನು ಎದೆಗೆ ಅವುಚಿಕೊಂಡು ನಿಂತಿದ್ದ.

“ಇನ್ನೂ ಏನು ಬಾಕಿ ನಿನ್ನದು?”

“ಒಡ್ಡಿನ ಚರಣ ಹಾಡುತ್ತೇನೆ ಬೈದೇವ್.”

“ತಾಯಿ ಬಿಡು ಅಂದಳಲ್ಲ?”

“ಅಂದಳು. ಅವಳ ಬಾಯಲ್ಲಿ ಆ ಮಾತು ಹೊರಡಿಸಿದೆನಲ್ಲ, ಅದನ್ನು ತಡೆದುಕೊಳ್ಳಲು ಆಗುತ್ತಿಲ್ಲ.”

“ಶಾಲೆ ಹೋಗುತ್ತದೆ.”

“ಗೊತ್ತು.”

“ಠಾಣೆಗೂ ಕರೆಯಬಹುದು.”

“ಗೊತ್ತು ಬೈದೇವ್. ಭರಾಲಿಯವರಿಗೆ ಹೆದರಿಕೆ ಅನ್ನುವುದೇ ಇರಲಿಲ್ಲ. ನಾನು ಅವರಲ್ಲ. ನೋಡಿ ಇಲ್ಲಿ, ನಿಲ್ಲಲಿಕ್ಕೇ ಆಗದ ಹಾಗೆ ಕಾಲು ನಡುಗುತ್ತಿದೆ.”

ಹೊರಗೆ ಮೈಕಿನಲ್ಲಿ ಅವನ ಹೆಸರು ಕರೆದರು.

ಗುಣೇಶ್ವರಿ ಬಗ್ಗಿ ಅವನ ಕಾಲು ನೋಡಿದಳು. ಅವಳ ಮುಖದ ಗಂಟು ಸಡಿಲಾಯಿತು.

“ನಡುಗಲಿ ಬಿಡು. ಆ ಚರಣಕ್ಕೆ ಬಂದಾಗ ಹಲಿರಾಮನ ಕಾಲೂ ಹೀಗೇ ನಡುಗುತ್ತಿತ್ತು.”