ಮಗಳು ಒಯ್ದ ಫೋಟೋ

“ಗುರುಗಳೇ, ನನ್ನ ನಿಜವಾದ ರೂಪ ಯಾವುದು? ಧ್ಯಾನಕ್ಕೆ ಕುಳಿತಾಗಲೆಲ್ಲ ಹುಡುಕುತ್ತೇನೆ. ಕಾಣುವುದೇ ಇಲ್ಲ” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಮದುವೆ, ಮುಂಜಿ, ನಾಮಕರಣ, ಏನೇ ನಡೆದರೂ ಜನರಿಗೆ ಅವನೇ ಬೇಕು. ಅವನು ಯಾರನ್ನೂ ಸಾಲಾಗಿ ನಿಲ್ಲಿಸುತ್ತಿರಲಿಲ್ಲ. ನಗಿ ಎನ್ನುತ್ತಿರಲಿಲ್ಲ. ಕ್ಯಾಮೆರಾ ಹಿಡಿದು ಒಂದು ಮೂಲೆಯಲ್ಲಿ ನಿಂತುಬಿಡುತ್ತಿದ್ದ. ಮೊದಮೊದಲು ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಗಂಡಸರು ಮೀಸೆ ತೀಡುತ್ತಿದ್ದರು. ಆಮೇಲೆ ಅವನನ್ನು ಮರೆತು ತಮ್ಮ ಪಾಡಿಗೆ ತಾವು ಹರಟೆಗೋ ಜಗಳಕ್ಕೋ ಹೋಳಿಗೆಗೋ ಇಳಿಯುತ್ತಿದ್ದರು. ಆಗ ಅವನು ಗುಂಡಿ ಒತ್ತುತ್ತಿದ್ದ. ಈ ವಿದ್ಯೆಯನ್ನು ಕಲಿಸಿದ್ದು ಯಾರೆಂದು ಕೇಳಿದರೆ, ಕೆರೆಯ ಕೊಕ್ಕರೆ ಎನ್ನುತ್ತಿದ್ದ. ಮೀನು ತನ್ನನ್ನು ಮರೆಯುವ ತನಕ ಅದು ಒಂಟಿಕಾಲಲ್ಲಿ ನಿಂತಿರುತ್ತದೆ.

ಅವನ ಮಗಳಿಗೆ ಮದುವೆ ಗೊತ್ತಾಯಿತು.

“ಅಪ್ಪಾ, ಊರಿನವರ ಗೋಡೆಯ ಮೇಲೆಲ್ಲ ನೀನು ತೆಗೆದ ಫೋಟೋ ಇದೆ. ನಿನ್ನದು ಮಾತ್ರ ಒಂದೂ ಇಲ್ಲ. ಗಂಡನ ಮನೆಗೆ ಒಯ್ಯಲು ನನಗೊಂದು ಬೇಕು” ಎಂದಳು.

ಅವನು ಕೋಟು ತೊಟ್ಟ. ಕೂದಲಿಗೆ ಎಣ್ಣೆ ಹಚ್ಚಿದ. ಕಿಟಕಿಯ ಬೆಳಕಿಗೆ ಮುಖವೊಡ್ಡಿ ಕುಳಿತು ಕ್ಯಾಮೆರಾವನ್ನು ಮಗಳ ಕೈಗೆ ಕೊಟ್ಟ. ಅದರ ಕಣ್ಣು ತನ್ನ ಕಡೆ ತಿರುಗಿದ್ದೇ ತಡ, ಕತ್ತು ಬಿಗಿಯಿತು, ಹುಬ್ಬು ಮೇಲೇರಿತು, ತುಟಿ ಹೊಲಿದಂತಾಯಿತು. ಫೋಟೋ ನೋಡಿ ಹೆಂಡತಿ, “ಚೆನ್ನಾಗಿ ಬಂದಿದೆ. ಗಂಧದ ಹಾರ ಹಾಕುವುದೊಂದು ಬಾಕಿ” ಎಂದಳು.

ಅವನಿಗೆ ಅವಮಾನವಾಯಿತು. ಊರಿಗೇ ಕ್ಯಾಮೆರಾ ಮರೆಸುವ ತನಗೆ ಅದನ್ನು ಮರೆಯಲು ಬಾರದೇ? ಮರುದಿನ ಮಗಳ ಕೈಯಲ್ಲಿ ಕ್ಯಾಮೆರಾ ಇರುವುದೇ ತಿಳಿಯದವನಂತೆ ತುಳಸಿಗೆ ನೀರೆರೆಯುತ್ತ ನಿಂತ. ತಂಬಿಗೆಯಲ್ಲಿ ನೀರಿರಲಿಲ್ಲ. ಹೆಂಡತಿಯೊಡನೆ ಹರಟುವವನಂತೆ ಕುಳಿತ. ಎಂದೂ ಇಲ್ಲದ ಮಾತು ಇಂದೇಕೆ ಎಂದು ಅವಳು ಎದ್ದುಹೋದಳು. ಮುಹೂರ್ತ ಹತ್ತಿರ ಬಂತು, ಫೋಟೋ ಬರಲಿಲ್ಲ. ಮಗಳು ಮತ್ತೆ ಕೇಳಲಿಲ್ಲ. ಅವಳು ಕೇಳದೇ ಇದ್ದದ್ದೇ ಅವನನ್ನು ಮುಳ್ಳಿನಂತೆ ಚುಚ್ಚಿತು.

ಮದುವೆಯಲ್ಲಿ ಧಾರೆ ಎರೆಯಬೇಕಾದವನು ಅವನೇ. ಆದ್ದರಿಂದ ಪಕ್ಕದ ಊರಿನ ಫೋಟೋಗ್ರಾಫರನ್ನು ಕರೆಸಿದ್ದ. ಪೇಟ ಸುತ್ತಿ, ಗಿಂಡಿ ಹಿಡಿದು, ಮಗಳ ಮುಂದೆ ನಿಂತ. ಅಷ್ಟರಲ್ಲಿ ಆ ಇನ್ನೊಬ್ಬ ಉರಿಬಿಸಿಲು ಸುರಿಯುವ ಬಾಗಿಲಿಗೇ ಮುಖಮಾಡಿ ಕ್ಯಾಮೆರಾ ಎತ್ತಿದ್ದು ಕಂಡಿತು.

“ಬಿಸಿಲಿಗೆದುರು ನಿಂತಿದ್ದೀಯಲ್ಲಯ್ಯಾ! ನನ್ನ ಮಗಳ ಮುಖ ಕಪ್ಪಗೆ ಬರುತ್ತದೆ. ಈಚೆ ಬಾ!” ಎಂದು ಕೂಗುತ್ತ, ಗಿಂಡಿ ಹಿಡಿದ ಕೈಯನ್ನೇ ಚಾಚಿ ಜಾಗ ತೋರಿಸಿದ. ಧಾರೆ ಪುರೋಹಿತರ ತಲೆಯ ಮೇಲೆ ಬಿತ್ತು.

ಪುರೋಹಿತರು ಮಂತ್ರ ಬಿಟ್ಟು, “ಅಯ್ಯೋ, ನನಗಲ್ಲ!” ಎಂದರು.

ಮಂಟಪವೆಲ್ಲ ಗೊಳ್ಳೆಂದಿತು. ಮದುಮಗಳು ತಲೆ ತಗ್ಗಿಸುವುದನ್ನು ಮರೆತು ಬಾಯ್ತುಂಬ ನಕ್ಕಳು. ಇನ್ನು ಈ ನಗು ಬೇರೆ ಮನೆಯಲ್ಲಿ ಕೇಳುತ್ತದೆ ಎಂದು ಅವನಿಗೆ ಆಗ ಹೊಳೆಯಿತು. ಅವನೂ ನಕ್ಕ, ನಗುತ್ತಲೇ ಅತ್ತ. ಬೈಸಿಕೊಂಡು ಈಚೆಗೆ ಓಡಿಬಂದಿದ್ದ ಆ ಫೋಟೋಗ್ರಾಫರ್ ಗಾಬರಿಯಲ್ಲೇ ಗುಂಡಿ ಒತ್ತಿಬಿಟ್ಟ.

ಬೀಗರೂಟದ ದಿನ ಆ ಫೋಟೋ ಬಂತು. ಪೇಟ ಕಿವಿಗೆ ಜಾರಿತ್ತು. ಬಾಯಿ ತೆರೆದಿತ್ತು. ಮೂಗು ಕೆಂಪಾಗಿ ಕಣ್ಣೀರು ಗಲ್ಲಕ್ಕೆ ಇಳಿದಿತ್ತು.

“ಇದು ನಾನಲ್ಲ. ಹರಿದುಹಾಕಿ” ಎಂದ ಅವನು.

“ನಮ್ಮಪ್ಪ ಅಂದರೆ ಇವನೇ” ಎಂದು ಮಗಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಗಂಡನ ಮನೆಗೆ ಹೋದಳು.

ಕತೆ ಕೇಳಿದ ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಬಳಿಕ ನಗುವನ್ನು ತಡೆದು, ಉತ್ತರೀಯ ಸರಿಪಡಿಸಿ, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರೆಮುಚ್ಚಿ, “ಹಾಗಾದರೆ ಗುರುಗಳೇ, ನನ್ನನ್ನು ನಾನು ಎಲ್ಲಿ ಹುಡುಕಲಿ?” ಎಂದು ಕೇಳಿದ.

“ಈಗ ತಾನೇ ಇಲ್ಲೊಬ್ಬ ನಗುತ್ತಿದ್ದನಲ್ಲ, ಅವನನ್ನು ಯಾಕೆ ಕಳುಹಿಸಿಬಿಟ್ಟೆ?”